ಅಪ್‌ಡೇಟ್: ತಮ್ಮನ ಕಾರ್ ಲೋನ್‌ಗೆ ಕೋ-ಸೈನ್ ಮಾಡಿದ್ರೂ ವಿಎ ಲೋನ್ ಸಿಕ್ತು

ಹೊಸಬರಿಗೆ: ಅಮೆರಿಕದ ಸೇನೆಯಲ್ಲಿದ್ದು ಹೊರಬಂದವನು ನಾನು, ಈಗ ಡಲ್ಲಾಸ್ ಕಡೆ ಇದ್ದೀನಿ. ತಮ್ಮನ ಕಾರ್ ಲೋನ್‌ಗೆ ಕೋ-ಸೈನ್ ಮಾಡಿರೋದು (ಅವನು ಕಟ್ಟದಿದ್ದರೆ ನಾನು ಕಟ್ಟಬೇಕು ಅಂತ ಸಹಿ) ನನ್ನ ವಿಎ ಹೋಮ್ ಲೋನ್‌ಗೆ, ಅಂದರೆ ಅಮೆರಿಕದ ವೆಟರನ್ಸ್ ಅಫೇರ್ಸ್ ಇಲಾಖೆ (ವಿಎ) ಮಾಜಿ ಸೈನಿಕರಿಗೆ ಖಾತರಿ ಕೊಡೋ ಮನೆ ಸಾಲಕ್ಕೆ, ಅಡ್ಡ ಬರುತ್ತಾ ಅಂತ ಕೇಳಿದ್ದೆ. ಮನೆ ಖರೀದಿಯ ಕ್ಲೋಸಿಂಗ್ ಆಯ್ತು, ಬೀಗದ ಕೈ ಸಿಕ್ಕಿದೆ.

ಮೊದಲ ಲೆಂಡರ್ (ಸಾಲ ಕೊಡೋರು) ತಮ್ಮನ ಪೂರ್ತಿ ಕಂತನ್ನ ನನ್ನ ತಲೆಗೇ ಕಟ್ಟಿದರು. ಡಿಟಿಐ, ಅಂದರೆ ತಿಂಗಳ ಆದಾಯದಲ್ಲಿ ಸಾಲದ ಕಂತುಗಳಿಗೆ ಹೋಗೋ ಪಾಲು, 41% ದಾಟಿತು, ಫೈಲ್ ಮೂಲೆಗೆ ಹೋಯ್ತು. ವಿಎ ನಿಯಮ ಅಷ್ಟು ಬಿಗಿ ಇಲ್ಲ ಸ್ವಾಮಿ. ಕಂತು ಬೇರೆಯವರೇ ಕಟ್ಟುತ್ತಿರೋದಕ್ಕೆ ಪುರಾವೆ ಇದ್ದು, ಮುಂದೆ ನಮ್ಮ ಮೇಲೆ ಬೀಳೋ ಲಕ್ಷಣ ಇಲ್ಲದಿದ್ದರೆ ಆ ಸಾಲವನ್ನ ಲೆಕ್ಕದಿಂದ ಕೈಬಿಡೋಕೆ ಅವಕಾಶ ಇದೆ. ಆದರೆ ಅದು ಲೆಂಡರ್ ಇಷ್ಟ, ಬಲವಂತ ಇಲ್ಲ.

ಎರಡನೆಯವರು ತಮ್ಮನ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು. ಕಂತು ನೇರ ಅವನ ಖಾತೆಯಿಂದಲೇ ಹೋಗಿರಬೇಕು, ಒಂದೂ ಲೇಟ್ ಇರಬಾರದು. ನಮ್ಮ ನಾದಿನಿ ಪ್ರತಿ ತಿಂಗಳ ಕಂತಿನ ಸಾಲಿಗೂ ಹಳದಿ ಹೈಲೈಟರ್ ಎಳೆದು ಪಿಡಿಎಫ್ ಕಳಿಸಿದಳು, ಸಾಲದ ಅರ್ಜಿ ಪರಿಶೀಲಿಸೋ ಅಂಡರ್‌ರೈಟರ್ ಮರುಪ್ರಶ್ನೆ ಹಾಕಲೇ ಇಲ್ಲ. ತಮ್ಮ ನಮಗೆ ದುಡ್ಡು ಕೊಟ್ಟು, ನಾವು ಕಂತು ಕಟ್ಟೋ ವ್ಯವಸ್ಥೆ ಇದ್ದರೆ ಈ ದಾರಿ ಕಷ್ಟ.

ಅಂದಹಾಗೆ 41 ದಾಟಿದರೆ ಕಥೆ ಮುಗಿದಂತಲ್ಲ. ತೆರಿಗೆ, ಸಾಲದ ಕಂತು, ಮನೆಯ ಮುಖ್ಯ ಖರ್ಚು ಕಳೆದು ಕೈಯಲ್ಲಿ ಉಳಿಯೋ ದುಡ್ಡು, ಅಂದರೆ ರೆಸಿಡ್ಯುವಲ್ ಇನ್‌ಕಮ್, ವಿಎ ಹೇಳೋ ಕನಿಷ್ಠ ಮಿತಿಗಿಂತ 20% ಹೆಚ್ಚಿದ್ದರೆ ಲೆಂಡರ್‌ನ ಒಪ್ಪಿಸಬಹುದು.

ಫಂಡಿಂಗ್ ಫೀ (ವಿಎಗೆ ಒಮ್ಮೆ ಕಟ್ಟೋ ಶುಲ್ಕ) ಕೇಳಿದವರಿಗೆ: ಡೌನ್ ಪೇಮೆಂಟ್ ಇಲ್ಲದ ಮೊದಲ ಲೋನ್‌ಗೆ ಸಾಲದ ಮೊತ್ತದ 2.15%. ಸೇವೆಯಲ್ಲಾದ ಅಂಗವೈಕಲ್ಯಕ್ಕೆ ವಿಎ ಪರಿಹಾರ ಬರುತ್ತಿದ್ದರೆ ಅದೂ ಇಲ್ಲ.