ಟಿಪಿಎನ್ ಹೋಗುತ್ತಿರುವ ಲೈನಿನಲ್ಲೇ ಬೇರೆ ಇಂಜೆಕ್ಷನ್ ಕೊಡಬಹುದೇ?

ಪ್ರಶ್ನೆ: ಸ್ಟಾಫ್ ನರ್ಸ್, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಖಾಸಗಿ ಆಸ್ಪತ್ರೆಯ ಸರ್ಜಿಕಲ್ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ಸಕಲೇಶಪುರದ ಕಡೆಯಿಂದ ಬಂದ ಹಿರಿಯರೊಬ್ಬರಿಗೆ ಕರುಳಿನ ಆಪರೇಷನ್ ಆಗಿದ್ದು, ಬಾಯಿಂದಲೂ ಟ್ಯೂಬಿನಿಂದಲೂ ಏನನ್ನೂ ಕೊಡುವಂತಿಲ್ಲದ ಕಾರಣ ಮೂರು ಕೋಣೆಗಳ ಚೀಲದ ಟಿಪಿಎನ್ (ರಕ್ತನಾಳದ ಮೂಲಕವೇ ಕೊಡುವ ಪೂರ್ಣ ಪೋಷಣೆ) ನಡೆಯುತ್ತಿದೆ. ಅವರಿಗಿರುವುದು ಕುತ್ತಿಗೆಯಲ್ಲಿ ಹಾಕಿರುವ, ಒಂದೇ ಲ್ಯೂಮೆನ್‌ನ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ; ಲ್ಯೂಮೆನ್ ಎಂದರೆ ಅದರೊಳಗಿನ ದಾರಿ). ಎರಡೂ ಕೈಗಳು ಬಾತಿರುವುದರಿಂದ ಕ್ಯಾನುಲಾ ಹಾಕಲು ನರ ಸಿಗುತ್ತಿಲ್ಲ. ಕೇಸ್ ಶೀಟಿನಲ್ಲಿ ಸೆಫ್ಟ್ರಿಯಾಕ್ಸೋನ್ (ಆ್ಯಂಟಿಬಯಾಟಿಕ್), ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಿ) ಮತ್ತು ಪೊಟ್ಯಾಸಿಯಂ ಕಡಿಮೆ ಬಂದಿರುವುದರಿಂದ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಬರೆದಿದ್ದಾರೆ. ಇವನ್ನೆಲ್ಲ ತ್ರೀ-ವೇ (ಲೈನಿಗೆ ಜೋಡಿಸುವ ಮೂರು ದಾರಿಯ ನಲ್ಲಿ) ಮೂಲಕ ಪಕ್ಕದಿಂದ ಕೊಡುವುದು ವಾರ್ಡಿನ ರೂಢಿ. ಸಲೈನ್ ಹಾಯಿಸಿ ಫ್ಲಶ್ ಮಾಡಿದರೆ ಸಾಕು ಎನ್ನುತ್ತಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ವಿಷಯವೆಂದರೆ, ಮಳೆಗೆ ಕರೆಂಟ್ ಹೋದಾಗ ಬ್ಯಾಟರಿ ಮುಗಿದು ಪಂಪ್ ನಿಂತು ಮೂರು ಗಂಟೆ ಹಿಂದೆ ಬಿದ್ದಿದ್ದೇವೆ. ರೇಟ್ ಹೆಚ್ಚಿಸಿ ಸರಿದೂಗಿಸಬಹುದೇ?

ಉತ್ತರ 1: ಐಸಿಯು ಇನ್‌ಚಾರ್ಜ್ ಸಿಸ್ಟರ್, ಚಿಕ್ಕಮಗಳೂರು

ಸಿಸ್ಟರ್, ನಿಮ್ಮ ಮನಸ್ಸು ಒಪ್ಪದಿರುವುದೇ ಸರಿ. ಟಿಪಿಎನ್ ಹೋಗುವ ಲ್ಯೂಮೆನ್‌ನಲ್ಲಿ ಬೇರೆ ಔಷಧಿ ಕೊಡಬಾರದು, ರಕ್ತ ಏರಿಸಬಾರದು, ಸ್ಯಾಂಪಲ್ ಕೂಡ ತೆಗೆಯಬಾರದು.

ಆ ಚೀಲದಲ್ಲಿ ಗ್ಲೂಕೋಸ್, ಅಮೈನೊ ಆಮ್ಲ, ಕೊಬ್ಬು, ಕ್ಯಾಲ್ಸಿಯಂ, ಫಾಸ್ಫೇಟ್ ಎಲ್ಲವೂ ಒಂದು ನಿರ್ದಿಷ್ಟ ಪಿಎಚ್‌ನಲ್ಲಿ ಮಾತ್ರ ಒಟ್ಟಿಗೆ ನಿಲ್ಲುತ್ತವೆ. ಬೇರೊಂದು ಔಷಧಿ ಸೇರಿ ಆ ಸಮತೋಲ ತಪ್ಪಿದರೆ ಕೊಬ್ಬು ಒಡೆದು ಹಳದಿ ಎಣ್ಣೆಯಾಗಿ ಮೇಲೆ ತೇಲಬಹುದು, ಇಲ್ಲವೇ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಹರಳುಗಟ್ಟಬಹುದು. ಎಣ್ಣೆಯಾದರೂ ಕಣ್ಣಿಗೆ ಬೀಳುತ್ತದೆ, ಆದರೆ ಹರಳು ಆ ಹಾಲಿನಂಥ ಬಿಳುಪಿನಲ್ಲಿ ಕಾಣುವುದೇ ಇಲ್ಲ. 1994ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಹರಳುಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಆಗ ಇಬ್ಬರು ರೋಗಿಗಳು ತೀರಿಕೊಂಡಿದ್ದರು, ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಹರಳು ಕಂಡುಬಂದಿತ್ತು.

ಪ್ರತಿ ಔಷಧಿಗೂ ಟಿಪಿಎನ್ ನಿಲ್ಲಿಸಿ, ಫ್ಲಶ್ ಮಾಡಿ, ಮತ್ತೆ ಜೋಡಿಸುವುದನ್ನು ದಿನನಿತ್ಯದ ಕ್ರಮವಾಗಿಸಿಕೊಳ್ಳುವುದೂ ಒಳ್ಳೆಯದಲ್ಲ. ಹಬ್ (ಲೈನಿನ ಹೊರತುದಿಯ ಜೋಡಣೆ) ತೆರೆದಷ್ಟು ಸಲವೂ ಸೋಂಕಿಗೆ ದಾರಿಯಾಗುತ್ತದೆ, ಸಕ್ಕರೆಯೂ ಏರಿಳಿಯುತ್ತದೆ. ಆದ್ದರಿಂದ ಈ ಪ್ರಶ್ನೆಗೆ ಉತ್ತರ ತ್ರೀ-ವೇಯಲ್ಲಿಲ್ಲ, ಎರಡನೆಯ ಲೈನಿನಲ್ಲಿದೆ. ಡ್ಯೂಟಿ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ: "ಸರ್, ಇರುವ ಒಂದೇ ಲ್ಯೂಮೆನ್‌ನಲ್ಲಿ ಟಿಪಿಎನ್ ಹೋಗುತ್ತಿದೆ, ಮೂರು ಇಂಜೆಕ್ಷನ್ ಬಾಕಿ ಇವೆ, ಕೈಗಳಲ್ಲಿ ನರ ಸಿಗುತ್ತಿಲ್ಲ, ಅಲ್ಟ್ರಾಸೌಂಡ್ ನೋಡಿ ಕ್ಯಾನುಲಾ ಹಾಕುವಿರಾ, ಇಲ್ಲವೇ ಡಬಲ್ ಲ್ಯೂಮೆನ್‌ಗೆ ಬದಲಿಸುವಿರಾ?" ಹೇಳಿದ ಸಮಯವನ್ನೂ ಅವರ ಉತ್ತರವನ್ನೂ ನರ್ಸಸ್ ನೋಟ್ಸ್‌ನಲ್ಲಿ ಬರೆಯಿರಿ. ಇದನ್ನು ಎದುರು ಮಾತಾಡುವುದು ಎಂದು ಭಾವಿಸಬೇಡಿ. ರೋಗಿಯ ಲೈನ್ ಪ್ರತಿ ಗಂಟೆಗೂ ನೋಡುವವರು ನಾವು. ನಾವು ಹೇಳದಿದ್ದರೆ ಅದು ಅವರಿಗೆ ತಿಳಿಯುವುದಾದರೂ ಹೇಗೆ?

ಉತ್ತರ 2: ಕ್ಲಿನಿಕಲ್ ಫಾರ್ಮಸಿಸ್ಟ್, ಹಾಸನ

ಮೇಡಂ ಹೇಳಿದ್ದಕ್ಕೆ ಔಷಧಿಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಟಿಪಿಎನ್ ಜೊತೆ ಪಕ್ಕದಿಂದ ಕೊಡಬಹುದೆಂದು ಪರೀಕ್ಷೆಯಲ್ಲಿ ತಿಳಿದ ಔಷಧಿಗಳು ಕೆಲವು ಇವೆ, ನಿಜ. ಆದರೆ ಆ ನಿರ್ಧಾರ ನಿಮ್ಮ ಚೀಲದ ಸಂಯೋಜನೆಯನ್ನು ನೋಡಿ ಫಾರ್ಮಸಿ ಮಾಡಬೇಕಾದದ್ದು, ವಾರ್ಡಿನ ನೆನಪಿನಿಂದ ಮಾಡುವಂಥದ್ದಲ್ಲ.

ನೀವು ಹೆಸರಿಸಿದವುಗಳಲ್ಲಿ ಸೆಫ್ಟ್ರಿಯಾಕ್ಸೋನ್ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ. 28 ದಿನದೊಳಗಿನ ಶಿಶುವಿಗೆ ಕ್ಯಾಲ್ಸಿಯಂ ಇರುವ ದ್ರವ ನಡೆಯುತ್ತಿದ್ದರೆ ಅದನ್ನು ಕೊಡುವಂತೆಯೇ ಇಲ್ಲ. ದೊಡ್ಡವರಲ್ಲಿ ಒಂದರ ನಂತರ ಒಂದು, ನಡುವೆ ಲೈನನ್ನು ಚೆನ್ನಾಗಿ ಫ್ಲಶ್ ಮಾಡಿ ಕೊಡಬಹುದೇ ಹೊರತು ಜೊತೆಜೊತೆಗೆ ತ್ರೀ-ವೇಯಲ್ಲಿ ಕೊಡಬಾರದು. ರಿಂಗರ್ ಲ್ಯಾಕ್ಟೇಟ್‌ನಲ್ಲೂ ಕ್ಯಾಲ್ಸಿಯಂ ಇದೆ ಎಂಬುದನ್ನು ಹಲವರು ಮರೆಯುತ್ತಾರೆ. ಪ್ಯಾಂಟೊಪ್ರಜೋಲ್ ಕ್ಷಾರೀಯವಾದದ್ದು, ಬಹಳಷ್ಟು ಔಷಧಿಗಳೊಂದಿಗೆ ಹೊಂದುವುದಿಲ್ಲ.

ಕೆಸಿಎಲ್ ವಿಷಯದಲ್ಲಿ ಮೊದಲು ಚೀಲದ ಲೇಬಲ್ ಓದಿ, ಏಕೆಂದರೆ ಎಲೆಕ್ಟ್ರೊಲೈಟ್ ಸೇರಿದ ಚೀಲವಾದರೆ ಪೊಟ್ಯಾಸಿಯಂ ಅದರಲ್ಲೇ ಇರುತ್ತದೆ, ಡಾಕ್ಟರು ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕಾಗುತ್ತದೆ. 15 ಪರ್ಸೆಂಟಿನ 10 ಮಿ.ಲೀ. ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಅದನ್ನು ಎಂದಿಗೂ ನೇರವಾಗಿ ಪುಶ್ ಮಾಡಬಾರದು, ತೂಗುಹಾಕಿದ ಟಿಪಿಎನ್ ಚೀಲಕ್ಕೂ ಚುಚ್ಚಬಾರದು. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್‌ಗಿಂತ ಹೆಚ್ಚು ಕೊಡುವುದಿಲ್ಲ. ಅದಕ್ಕಿಂತ ಹೆಚ್ಚು ಬೇಕಾದರೆ ಇಸಿಜಿ ಮಾನಿಟರ್ ಇರಲೇಬೇಕು. ಕೊಬ್ಬು ಸೇರಿದ ಚೀಲಕ್ಕೆ 1.2 ಮೈಕ್ರಾನ್ ಫಿಲ್ಟರ್ ಹಾಕುತ್ತಿದ್ದೀರಾ ಎಂಬುದನ್ನೂ ನೋಡಿ.

ಉತ್ತರ 3: ನರ್ಸಿಂಗ್ ಉಪನ್ಯಾಸಕಿ, ಹಾಸನ

ಹಿಂದೆ ಬಿದ್ದದ್ದನ್ನು ಸರಿದೂಗಿಸಲು ಹೋಗಬೇಡಿ. ಗಂಟೆಗೆ 80 ಮಿ.ಲೀ. ಇದ್ದರೆ ಮೂರು ಗಂಟೆಗೆ 240 ಮಿ.ಲೀ. ಉಳಿದಿರುತ್ತದೆ, ಅದನ್ನು ಕೊನೆಯ ಆರು ಗಂಟೆಗಳಲ್ಲಿ ಮುಗಿಸಲು ಹೊರಟರೆ ರೇಟ್ 120 ಆಗುತ್ತದೆ, ಅಂದರೆ ಗ್ಲೂಕೋಸ್ ಒಮ್ಮೆಲೇ ಒಂದೂವರೆ ಪಟ್ಟು ಹೋಗುತ್ತದೆ. ಹಳೆಯ ರೇಟಿನಲ್ಲೇ ನಡೆಸಿ, ಹೋಗದೆ ಉಳಿದ ಪ್ರಮಾಣವನ್ನು ಇನ್‌ಟೇಕ್ ಚಾರ್ಟಿನಲ್ಲಿ ಬರೆದು ಡಾಕ್ಟರಿಗೆ ತಿಳಿಸಿ. ತೂಗುಹಾಕಿ 24 ಗಂಟೆಯಾದ ಮೇಲೆ ಚೀಲದಲ್ಲಿ ಎಷ್ಟೇ ಉಳಿದಿದ್ದರೂ ಸೆಟ್ ಸಮೇತ ಎಸೆಯಬೇಕು. ಬೆಲೆ ನೋಡಿ ಮನೆಯವರು "ಇನ್ನೂ ಇದೆಯಲ್ಲ ಸಿಸ್ಟರ್" ಎಂದು ಸಂಕಟಪಡುತ್ತಾರೆ. ಅವರಿಗೆ ಸಮಾಧಾನದಿಂದ ವಿವರಿಸಿ, ಏಕೆಂದರೆ ನಮಗೆ ಪೌಷ್ಟಿಕವಾದದ್ದು ಬ್ಯಾಕ್ಟೀರಿಯಾಗಳಿಗೂ ಪೌಷ್ಟಿಕವೇ.

ಈ ಹಿರಿಯರು ಬಹಳ ದಿನ ಊಟವಿಲ್ಲದೆ ಇದ್ದವರಾದರೆ ಪೊಟ್ಯಾಸಿಯಂ ಒಂದೇ ಅಲ್ಲ, ಫಾಸ್ಫೇಟ್ ಮತ್ತು ಮೆಗ್ನೀಸಿಯಂ ಕೂಡ ಕುಸಿದಿರಬಹುದು. ಪೋಷಣೆ ಶುರುವಾದ ಮೊದಲ ದಿನಗಳಲ್ಲಿ ಇನ್ಸುಲಿನ್ ಏರಿ ಇವೆಲ್ಲ ಜೀವಕೋಶದೊಳಗೆ ಹೋಗಿಬಿಡುತ್ತವೆ. ಆ ರಿಪೋರ್ಟ್ ಬಂದಿದೆಯೇ, ಥಯಮಿನ್ (ವಿಟಮಿನ್ ಬಿ1) ಕೊಟ್ಟಿದ್ದಾರೆಯೇ ಎಂದು ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸರ್ಜನ್ ಒಪ್ಪಿದ್ದಾರೆ, ಇಂದು ಡಬಲ್ ಲ್ಯೂಮೆನ್ ಹಾಕುತ್ತಾರೆ. ರಾತ್ರಿ ಚೀಲ ಮುಗಿದು, ಫಾರ್ಮಸಿಯಲ್ಲಿ ಹೊಸ ಚೀಲ ಸಿಗದಿದ್ದರೆ ಏನು ಮಾಡುವುದು?

ಉತ್ತರ 4: ಐಸಿಯು ಇನ್‌ಚಾರ್ಜ್ ಸಿಸ್ಟರ್, ಚಿಕ್ಕಮಗಳೂರು

ಹೊಸ ಲೈನ್ ಹಾಕಿದ ಕೂಡಲೇ ಒಂದು ಲ್ಯೂಮೆನ್‌ಗೆ "ಟಿಪಿಎನ್ ಮಾತ್ರ" ಎಂದು ಲೇಬಲ್ ಅಂಟಿಸಿಬಿಡಿ. ಚೀಲ ಸಿಗದಿದ್ದರೆ ಲೈನ್ ಖಾಲಿ ಬಿಡದೆ, ಡಾಕ್ಟರ ಆದೇಶ ಪಡೆದು ಅದೇ ರೇಟಿನಲ್ಲಿ 10 ಪರ್ಸೆಂಟ್ ಡೆಕ್ಸ್ಟ್ರೋಸ್ ಹಾಕಿ, ಒಂದು ಗಂಟೆಯೊಳಗೆ ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆ) ನೋಡಿ. ಈ ಆದೇಶವನ್ನು ಸಂಜೆಯ ರೌಂಡ್ಸ್‌ನಲ್ಲೇ ಬರೆಸಿಕೊಂಡರೆ ರಾತ್ರಿ ಪರದಾಡಬೇಕಾಗುವುದಿಲ್ಲ. ಇನ್ಸುಲಿನ್ ಬೇರೆ ಪಂಪಿನಲ್ಲಿ ನಡೆಯುತ್ತಿದ್ದರೆ ಮೊದಲು ಅದರ ಬಗ್ಗೆ ಫೋನ್ ಮಾಡಿ, ಏಕೆಂದರೆ ಟಿಪಿಎನ್ ನಿಂತು ಇನ್ಸುಲಿನ್ ಮುಂದುವರಿದರೆ ಸಕ್ಕರೆ ಬೇಗ ಕುಸಿಯುತ್ತದೆ. ಇನ್ಸುಲಿನ್ ವಯಲ್ ಮಿ.ಲೀ.ಗೆ 40 ಯೂನಿಟ್‌ನದೋ 100 ಯೂನಿಟ್‌ನದೋ ಎಂಬುದನ್ನು ಇಬ್ಬರು ನೋಡಿ ಸಿರಿಂಜ್ ತೆಗೆದುಕೊಳ್ಳಿ. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್.