ಸಹಾಯ ಬೇಕು: ಲೈಟ್ ಆರಿಸಿದ ಕೂಡಲೇ ಪಿಎಚ್ ಇಳಿದುಬಿಡುತ್ತದೆ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಪ್ರಾಜೆಕ್ಟ್ ಬ್ಯಾಕ್ಟೀರಿಯೋರೊಡಾಪ್ಸಿನ್ ಮೇಲೆ. ನಮ್ಮ ಸಾಣಿಕಟ್ಟಾದಂಥ ಉಪ್ಪಿನ ಆಗರಗಳ ಕಟು ಉಪ್ಪುನೀರಲ್ಲಿ ಬದುಕುವ ಜೀವಿಗಳದು ಈ ನೇರಳೆ ಪ್ರೋಟೀನು. ಕ್ಲೋರೊಫಿಲ್ ಇಲ್ಲದೆಯೇ ಬೆಳಕಿನಿಂದ ಪ್ರೋಟಾನ್ ಸಾಗಿಸುತ್ತದೆ.

1974ರಲ್ಲಿ ರಾಕರ್ ಮತ್ತು ಸ್ಟೋಕೆನಿಯಸ್ ಎಂಬ ವಿಜ್ಞಾನಿಗಳು ಇದನ್ನು ಲಿಪಿಡ್ (ಕೊಬ್ಬಿನ) ಪೊರೆಯ ಗುಳ್ಳೆಗಳಲ್ಲಿ ಕೂರಿಸಿದ್ದರು. ಅಲ್ಲಿ ಅದು ತಲೆಕೆಳಗಾಗಿ ಕೂರುತ್ತದೆ, ಪ್ರೋಟಾನ್ ಒಳಗೆ ಹೋಗುತ್ತದೆ, ಹೊರಗಿನ ಪಿಎಚ್ ಏರುತ್ತದೆ. ನನ್ನಲ್ಲೂ ಏರುತ್ತದೆ, ಆದರೆ ಸ್ವಲ್ಪವೇ. ಲೈಟ್ ಆರಿಸಿದರೆ ಮೀಟರ್ ಮುಳ್ಳು ಸರ್ರನೆ ವಾಪಸ್. ದೀಪದ ಬಿಸಿ ಕಾರಣ ಅಲ್ಲ, ಮಧ್ಯೆ ನೀರಿನ ಗಾಜಿನ ತೊಟ್ಟಿ ಇಟ್ಟಿದ್ದೇನೆ.

ನನಗೆ ಎರಡು ಅನುಮಾನ. ಪ್ರೋಟೀನನ್ನು ಗುಳ್ಳೆಗೆ ಸೇರಿಸಲು ಬಳಸುವ ಡಿಟರ್ಜೆಂಟ್‌ಗಳಲ್ಲಿ ಲ್ಯಾಬಲ್ಲಿ ಇರುವುದು ಟ್ರೈಟಾನ್ ಎಕ್ಸ್-100 ಮಾತ್ರ. ಅದು ಡಯಾಲಿಸಿಸ್‌ಗೆ (ಸಣ್ಣ ರಂಧ್ರದ ಪೊರೆಯ ಮೂಲಕ ಸೋಸಿ ತೆಗೆಯುವುದಕ್ಕೆ) ಸುಲಭಕ್ಕೆ ಬಗ್ಗಲ್ಲ. ಉಳಿದದ್ದು ಪೊರೆಯನ್ನು ಸೋರುವ ಹಾಗೆ ಮಾಡುತ್ತಿರಬೇಕು. ಇನ್ನೊಂದು, ಪ್ರೋಟಾನ್ ಜೊತೆ ಪಾಸಿಟಿವ್ ಚಾರ್ಜ್ ಕೂಡ ಒಳಗೆ ಸೇರುತ್ತದಲ್ವಾ? ಅದೇ ಪಂಪನ್ನು ತಡೆಯುತ್ತದೆ. ಗುಳ್ಳೆಯೊಳಗೆ ಪೊಟ್ಯಾಸಿಯಂ ತುಂಬಿ, ಅದನ್ನು ಪೊರೆ ದಾಟಿಸುವ ವ್ಯಾಲಿನೊಮೈಸಿನ್ ಹಾಕಿದರೆ ಪೊಟ್ಯಾಸಿಯಂ ಹೊರಬಂದು ಚಾರ್ಜ್ ಸರಿದೂಗುತ್ತದೆ. ಆದರೆ ವ್ಯಾಲಿನೊಮೈಸಿನ್ ಬೆಲೆ ನೋಡಿ ಸುಮ್ನೆ ಕೂತಿದ್ದೇನೆ.

ಧಾರವಾಡ, ಮಂಗಳೂರು ಕಡೆ ಯಾರ ಲ್ಯಾಬಲ್ಲಾದರೂ ಒಂಚೂರು ವ್ಯಾಲಿನೊಮೈಸಿನ್ ಸಿಗಬಹುದಾ? ಡಿಟರ್ಜೆಂಟ್ ಹೀರುವ ಪಾಲಿಸ್ಟೈರಿನ್ ಮಣಿ ಅಥವಾ ಡಯಾಲಿಸಿಸ್‌ನಲ್ಲಿ ಸುಲಭವಾಗಿ ಹೋಗುವ ಡಿಟರ್ಜೆಂಟ್ ಆಕ್ಟೈಲ್ ಗ್ಲುಕೋಸೈಡ್ ಇದ್ದರೂ ಆಗುತ್ತದೆ. ನಾನೇ ಬಂದು ಒಯ್ಯುತ್ತೇನೆ. ಮೊದಲು ಸೋರಿಕೆ ನೋಡಲಾ, ಚಾರ್ಜ್ ನೋಡಲಾ? ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ.