ಈ ಫೋಟೊ ಯಾರದು?

ಕೇಳಿದವರು: ನಮ್ಮೂರ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ನನ್ನ ತಲೆಗೆ ಬಿದ್ದಿದೆ. ಕೈಯಲ್ಲಿ ಮೂರು ಫೋಟೊಗಳಿವೆ: 1936ರ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದದ್ದು, 1972ರಲ್ಲಿ ಪೇಟೆಯ ಸ್ಟುಡಿಯೊದವರು ಬಂದು ತೆಗೆದ ಏಳನೆಯ ತರಗತಿಯ ಗುಂಪುಚಿತ್ರ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಜೋಗದ ಚಿತ್ರ. ಯಾವುದರ ಮೇಲೂ ಕೃತಿಸ್ವಾಮ್ಯದ (ಕಾಪಿರೈಟ್‌ನ), ಸುತ್ತು ಹಾಕಿದ ‘ಸಿ’ ಗುರುತಿಲ್ಲ. ಹಾಕಬಹುದೇ? ಅನುಭವ ಇರುವವರು ತಿಳಿಸಿ.

ಪುಟವಿನ್ಯಾಸ ಮಾಡುವವರು: ಗುರುತಿಲ್ಲ ಎಂದು ನಂಬಿಯೇ ನಾನು ಕೈ ಸುಟ್ಟುಕೊಂಡದ್ದು. ಗುರುತೂ ಬೇಕಿಲ್ಲ, ನೋಂದಣಿಯೂ ಬೇಕಿಲ್ಲ. ಫೋಟೊ ತೆಗೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ. ಒಂದು ಸಂಘದ ಕ್ಯಾಲೆಂಡರ್‌ಗೆ ಅಂತರ್ಜಾಲದಲ್ಲಿ ಸಿಕ್ಕ ಮಂಗಟ್ಟೆ ಹಕ್ಕಿಯ ಚಿತ್ರ ಹಾಕಿದ್ದೆ. ಹದಿನೈದು ದಿನಕ್ಕೆ ಛಾಯಾಗ್ರಾಹಕರ ಪತ್ರ ಬಂತು, ಜೊತೆಗೆ ಮೂಲ ಚಿತ್ರ. ನಮ್ಮದರಲ್ಲಿ ಕೊಂಬೆ ಅರ್ಧಕ್ಕೇ ನಿಂತಿತ್ತು. ಅವರದರಲ್ಲಿ ಅದು ಮುಂದೆ ಚಾಚಿ, ತುದಿಯಲ್ಲಿ ಅತ್ತಿಹಣ್ಣಿನ ಗೊಂಚಲು, ಅದರ ಕೆಳಗೆ ಅವರ ಹೆಸರು. ಯಾರೋ ಹಣ್ಣನ್ನೂ ಹೆಸರನ್ನೂ ಒಟ್ಟಿಗೆ ಕತ್ತರಿಸಿ ಹಂಚಿದ್ದರು. ಅವರು ಕೇಳಿದಷ್ಟು ಹಣವನ್ನು ನನ್ನ ಜೇಬಿನಿಂದಲೇ ಕೊಟ್ಟೆ. ಆ ಕ್ಯಾಲೆಂಡರ್ ಈಗಲೂ ಮೇಜಿನ ಎದುರು ತೂಗುತ್ತಿದೆ. ಆ ತಿಂಗಳ ಹಾಳೆಯನ್ನು ತಿರುವಿಲ್ಲ.

ಅಂದಿನಿಂದ ಇಂಥ ಚಿತ್ರ ಬಂದರೆ, ಚಿತ್ರ ಕೊಟ್ಟರೆ ಅದರ ಪ್ರತಿಗಳನ್ನು ಹುಡುಕಿಕೊಡುವ ಗೂಗಲ್ ಲೆನ್ಸ್‌ನಲ್ಲೋ ಟಿನ್‌ಐನಲ್ಲೋ ಹಾಕಿ, ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ದೊಡ್ಡ ಅಳತೆಯ ಪ್ರತಿ ಎಲ್ಲಿದೆ ಎಂದು ಹುಡುಕುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಬಂದದ್ದರಲ್ಲಿ ಕ್ಯಾಮೆರಾದ ವಿವರಗಳು ಅಳಿಸಿಹೋಗಿರುತ್ತವೆ, ಅಲ್ಲಿ ಹುಡುಕಿ ಫಲವಿಲ್ಲ. ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಕ್ಕಿದರೆ ಪುಣ್ಯ. ಅಲ್ಲಿಯೂ ಪರವಾನಗಿ ಓದಿ. ‘ಸಿಸಿ ಬಿವೈ-ಎಸ್‌ಎ’ (ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚಿ ಎಂಬ ಪರವಾನಗಿ) ಎಂದಿದ್ದರೆ ತೆಗೆದವರ ಹೆಸರನ್ನೂ ಪರವಾನಗಿಯನ್ನೂ ಅಚ್ಚು ಹಾಕಬೇಕು. ಕೆಲವರು ‘ಚಿತ್ರಕೃಪೆ: ಗೂಗಲ್’ ಎಂದು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಗೂಗಲ್ ಯಾವಾಗ ಜೋಗಕ್ಕೆ ಹೋಗಿತ್ತೋ!

ಸ್ಟುಡಿಯೊ ನಡೆಸಿದವರು: 1972ರದರ ಬಗ್ಗೆ ಒಂದು ಮಾತು. ನೆಗೆಟಿವ್ ನಮ್ಮ ಬಳಿ ಇದೆ, ಹಾಗಾಗಿ ಹಕ್ಕೂ ನಮ್ಮದೇ ಎಂದು ತಂದೆಯ ಕಾಲದಿಂದ ನಂಬಿದ್ದೆವು. ಮದುವೆಯ ಫೋಟೊ ಒಂದನ್ನು ಕೇಳದೆ ಅಂಗಡಿಯ ಷೋಕೇಸಿನಲ್ಲಿಟ್ಟು, ವಧುವಿನ ಅಣ್ಣನಿಂದ ಬೈಸಿಕೊಂಡ ಮೇಲೆ ವಕೀಲರು ಕಣ್ಣು ತೆರೆಸಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಮಾಲೀಕರು. ಶಾಲೆ ತೆಗೆಸಿದ್ದರೆ ಅದು ಶಾಲೆಯದು. ರಟ್ಟಿನ ಮೇಲಿನ ಸ್ಟುಡಿಯೊ ಮೊಹರು ಹಕ್ಕುಪತ್ರವಲ್ಲ. ಹಳೆಯ ಖರ್ಚಿನ ಪುಸ್ತಕ ತೆಗೆದು ನೋಡಿ. ಸ್ಟುಡಿಯೊದ ಹೆಸರನ್ನಂತೂ ಮರೆಯದೆ ಹಾಕಿ.

ಗ್ರಂಥಾಲಯದವರು: 1936ರದಕ್ಕೆ ಹೆದರಬೇಡಿ. ಆಗ ಫೋಟೊಗಳಿಗೆ ಇದ್ದ ಅವಧಿ 50 ವರ್ಷ, ಅದು 1986ರ ಕೊನೆಗೇ ಮುಗಿಯಿತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಗಡುವು ಮುಗಿಯುವ ಹೊತ್ತಿಗೆ, 1991ರ ಡಿಸೆಂಬರ್‌ನಲ್ಲಿ, ಸರ್ಕಾರ 50 ಇದ್ದದ್ದನ್ನು 60 ಮಾಡಿತು. 2012ರ ಜೂನ್ 21ರಿಂದ ಫೋಟೊಗೂ ಛಾಯಾಗ್ರಾಹಕರ ಜೀವಿತಾವಧಿ, ಅದರ ಮೇಲೆ 60 ವರ್ಷ. ಈ ಎರಡೂ ತಿದ್ದುಪಡಿಗಳು ಅದಾಗಲೇ ಮುಗಿದಿದ್ದ ಹಕ್ಕಿಗೆ ಜೀವ ಕೊಡಲಿಲ್ಲ. ಹಳೆಯ ಫೋಟೊ ಎಂದ ಮಾತ್ರಕ್ಕೆ ಎಲ್ಲವೂ ಹೀಗಲ್ಲ. ಎಂದು ಪ್ರಕಟವಾಯಿತು ಎಂಬುದಕ್ಕೆ ಆಧಾರ ಇಟ್ಟುಕೊಳ್ಳಿ. ನಿಮ್ಮ ಬಳಿ ಆ ಸಂಚಿಕೆಯೇ ಇದೆಯಲ್ಲ, ಅದರ ಮೊದಲ ಪುಟವನ್ನು ಸ್ಕ್ಯಾನ್ ಮಾಡಿಡಿ.

ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಖರ್ಚಿನ ಪುಸ್ತಕ ಅಟ್ಟದ ಮೇಲೆ ಸಿಕ್ಕಿತು. ಗೆದ್ದಲು ತಿಂದು ಉಳಿದ ಪುಟದಲ್ಲಿ ‘ಗ್ರೂಪ್ ಫೋಟೊ ಬಾಬ್ತು’ ಎಂದು ಹದಿನೆಂಟು ರೂಪಾಯಿ ಬರೆದಿದೆ, ಮುಖ್ಯೋಪಾಧ್ಯಾಯರ ರುಜುವೂ ಇದೆ. ವಾಟ್ಸ್‌ಆ್ಯಪ್‌ನ ಜೋಗ ಹತ್ತಾರು ಕಡೆ ಸಿಕ್ಕಿತು, ಎಲ್ಲಿಯೂ ತೆಗೆದವರ ಹೆಸರಿಲ್ಲ; ಕೈಬಿಟ್ಟೆ. ಅದರ ಬದಲು ನಮ್ಮ ಶಾಲೆಯ ಹುಡುಗನೊಬ್ಬ ಪ್ರವಾಸದಲ್ಲಿ ತೆಗೆದದ್ದನ್ನು ಹಾಕುತ್ತಿದ್ದೇವೆ. ನೀರು ಕಡಿಮೆ, ಮಂಜೇ ಹೆಚ್ಚು. ಅವನ ತಂದೆಯಿಂದ ಒಪ್ಪಿಗೆ ಪತ್ರ ಬರೆಸಿಕೊಂಡಿದ್ದೇನೆ.